ಚೈನ್ ಕಡೆಯ ನಂಬರು

ರಬ್ಬರಿಗೆ ವಯಸ್ಸಾಗುತ್ತದೆ. ಓಡಿದರೂ ಆಗುತ್ತದೆ, ಓಡದೆ ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದರೂ ಆಗುತ್ತದೆ. ಪ್ರತಿ ಟೈರಿನ ಒಂದು ಪಕ್ಕೆಯ ಮೇಲೆ ನಾಲ್ಕು ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಮೊದಲೆರಡು ಅದು ಹುಟ್ಟಿದ ವಾರ, ಕೊನೆಯೆರಡು ಹುಟ್ಟಿದ ವರ್ಷ. ಇದೇನು ಗುಟ್ಟಲ್ಲ. ಹಾಲಿನ ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ತಾರೀಕು ನೋಡುವ ನೀವು, ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ಓದುವ ನೀವು, ಕಲ್ಲುದಾರಿಯ ಇಳಿಜಾರಿನಲ್ಲಿ ನಿಮ್ಮನ್ನು ನೆಲಕ್ಕೆ ಕಚ್ಚಿ ಹಿಡಿಯಬೇಕಾದ ಟೈರನ್ನು ಮಾತ್ರ ಹೊಳಪು ನೋಡಿ ಕೊಂಡು ಬರುತ್ತೀರಿ. ಅಂಗಡಿಯವನಿಗೆ ಇನ್ನೇನು ಬೇಕು?

ಸಂಶಯದಕ್ಕನಿಗೂ ಆ ನಾಲ್ಕು ಅಂಕಿಗಳ ಅರ್ಥ ಗೊತ್ತಿರಲಿಲ್ಲ. ಅವಳ ಕೆಲಸವೇ ಟೈರು ಹಾಕುವುದಾಗಿತ್ತು.

ಹೆಸರಿಟ್ಟವರು ಬೈಕಿನವರು. ಟಾರಿಗೂ ಸೈ, ಮಣ್ಣಿಗೂ ಸೈ ಎನ್ನುವ ಆ ಎತ್ತರದ ಬೈಕುಗಳನ್ನು ಇಟ್ಟುಕೊಂಡವರೆಲ್ಲ ಅವಳ ಅಂಗಡಿಗೇ ಬರುತ್ತಿದ್ದರು. ಅವಳ ಅಂಗಡಿ ಅನ್ನುವುದು ಮಾತಿಗೆ. ಅಂಗಡಿ ಭಾವನದು, ಗಂಡನ ಅಣ್ಣನದು. ಮುಂಭಾಗದಲ್ಲಿ ಭಾವ ಕೂರುತ್ತಿದ್ದ: ಗಾಜಿನ ಬಾಗಿಲು, ಬಿಳಿ ದೀಪ, ಗೋಡೆಯ ಮೇಲೆ ನೇತಾಡುವ ಮಿರಮಿರನೆ ಮಿಂಚುವ ಟೈರುಗಳು. ಹಿಂಭಾಗದಲ್ಲಿ ಅವಳು: ಎಣ್ಣೆ ಕುಡಿದ ಸಿಮೆಂಟು ನೆಲ, ಸೋಪುನೀರಿನ ಬಕೆಟ್ಟು, ಟೈರು ಎಬ್ಬಿಸುವ ಉದ್ದನೆಯ ಲಿವರುಗಳು, ಟ್ಯೂಬಿಗೆ ಸವರುವ ಪೌಡರಿನ ಡಬ್ಬಿ. ನಡುವೆ ಗಾಳಿಯಂತ್ರ, ಅದರ ಪಕ್ಕದಲ್ಲಿ ಅವಳ ಗಂಡ. ಗಾಳಿ ತುಂಬುವುದು ಅವನ ಕೆಲಸ, ಅಣ್ಣನ ಮಾತಿಗೆ ಹೂಂ ಅನ್ನುವುದು ಅವನ ಸ್ವಭಾವ.

ಗಂಡ ಗಾಳಿ ತುಂಬಿದ ಮೇಲೆ ಅವಳು ತನ್ನ ಜೇಬಿನಿಂದ ಸ್ವಂತ ಗೇಜು ತೆಗೆದು ಮತ್ತೆ ಅಳೆಯುತ್ತಿದ್ದಳು. ಬೈಕಿನವರು ನಗುತ್ತಿದ್ದರು.

"ಏನಕ್ಕಾ, ಕಟ್ಟಿಕೊಂಡ ಗಂಡನ ಮೇಲೂ ನಂಬಿಕೆ ಇಲ್ವಾ?"

"ಗಂಡನ ಮೇಲಿದೆ. ಆ ಮಿಷಿನ್ ಮುಳ್ಳಿನ ಮೇಲಿಲ್ಲ."

"ಸುಳ್ಳು ಕಣ್ರೋ," ಗಂಡ ಅನ್ನುತ್ತಿದ್ದ. "ಮದುವೆ ದಿನ ನನ್ನನ್ನೂ ಹೀಗೇ ಒತ್ತಿ ನೋಡಿದ್ಳು, ಗಾಳಿ ಎಷ್ಟಿದೆ ಅಂತ."

ಅವಳ ಅನುಮಾನ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತಿತ್ತು. ತರಕಾರಿಯವಳ ಬುಟ್ಟಿಯಲ್ಲಿ ಮೇಲಿನ ಟೊಮೇಟೊ ಬಿಟ್ಟು ಕೆಳಗಿನದನ್ನು ತೆಗೆಯುವಳು. ಮಗಳಿಗೆ ಜ್ವರ ಬಂದರೆ ಥರ್ಮಾಮೀಟರನ್ನು ಮೊದಲು ಗಂಡನ ಕಂಕುಳಲ್ಲಿಟ್ಟು ಪರೀಕ್ಷಿಸುವಳು. ಬೀಗ ಹಾಕಿದ ಬಾಗಿಲನ್ನು ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಹೋಗಿ ಎಳೆಯುವಳು. ಇಂಥವಳಿಗೆ ಟೈರಿನ ಗಿರಾಕಿಗಳು ಸಿಕ್ಕಿದರೆ ಕೇಳಬೇಕೇ? ಯಾರು ಹೇಳಿದ್ದನ್ನೂ ಅವಳು ಹಾಗೇ ಒಪ್ಪಿದ್ದಿಲ್ಲ.

"ದೊಡ್ಡ ದೊಡ್ಡ ಬಟನ್ ಇರೋದೇ ಹಾಕಿ ಅಕ್ಕ," ಎಂದು ಒಬ್ಬ ಬರುತ್ತಿದ್ದ. ಟೈರಿನ ಮೇಲೆದ್ದ ರಬ್ಬರಿನ ಗಟ್ಟಿಗಳಿಗೆ ಈ ಜನ ಬಟನ್ ಅನ್ನುತ್ತಾರೆ. "ನೋಡೋಕೆ ಗತ್ತಾಗಿರ್ಬೇಕು."

"ಮಣ್ಣಿಗೆ ಯಾವಾಗ ಇಳೀತೀಯ?"

"ಇಳೀತೀನಿ."

"ಯಾವಾಗ ಅಂದೆ."

"ಮುಂದಿನ ವರ್ಷ ಸ್ನೇಹಿತರ ಜೊತೆ ಹೋಗೋ ಪ್ಲಾನ್ ಇದೆ."

"ಅಲ್ಲೀವರೆಗೆ ಆಫೀಸಿಗೆ ಹೋಗಿ ಬಂದೇ ಇದು ಸವೆದು ಬೋಳಾಗಿರುತ್ತೆ. ಒದ್ದೆ ಟಾರಲ್ಲಿ ಬ್ರೇಕ್ ಒತ್ತಿದ್ರೆ ಗತ್ತು ಮುಂದೆ ಹೋಗುತ್ತೆ, ನೀನು ಹಿಂದೆ ಉರುಳ್ತೀಯ. ಸಣ್ಣ ಬಟನ್ನಿಂದು ತಗೋ. ಒಳಗಿನ ಸಾಲು ಹತ್ತಿರ ಹತ್ತಿರ ಇರ್ಬೇಕು, ಅಂಚಿನದು ಅಗಲ ಇರ್ಬೇಕು. ಎರಡಕ್ಕೂ ಆಗುತ್ತೆ."

ದಿನಾ ಮಣ್ಣಿಗಿಳಿಯುವವರಿಗೆ ಅವಳ ತಪಾಸಣೆ ಇನ್ನೂ ಕಟು. ವಾಲ್ವು ನೆಟ್ಟಗಿದೆಯೋ ಓರೆಯಾಗಿದೆಯೋ ಎಂದು ಮೊದಲು ಬಗ್ಗಿ ನೋಡುವಳು. ಓರೆಯಾಗಿದ್ದರೆ ಗಾಳಿ ಕಡಿಮೆಯಾಗಿ ಒಳಗೆ ಟ್ಯೂಬು ಜಾರುತ್ತಿದೆ ಅಂತ ಅರ್ಥ. "ಕಲ್ಲಲ್ಲಿ ಹಿಡಿತ ಬೇಕು ಅಂತ ಗಾಳಿ ಇಳಿಸಿದ್ದೀಯ. ಸರಿ. ಟಾರಿಗೆ ಬಂದ ಮೇಲೆ ತುಂಬಿಸಿದ್ಯಾ?" "ತುಂಬಿಸ್ದೆ ಅಕ್ಕ." "ಸುಳ್ಳು ಹೇಳ್ಬೇಡ, ವಾಲ್ವೇ ಹೇಳ್ತಿದೆ." ಸವಾರ ತಲೆ ಕೆರೆದುಕೊಳ್ಳುತ್ತಿದ್ದ.

ಎಲ್ಲಕ್ಕಿಂತ ಹೆಚ್ಚು ಅನುಮಾನ ಎದುರು ಸಾಲಿನ ಪಂಕ್ಚರ್ ಅಂಗಡಿಯವನ ಮೇಲೆ. ತೇಪೆಗೆ ಹಚ್ಚುವ ಅಂಟಿಗೆ ಸೊಲ್ಯೂಷನ್ ಅನ್ನುತ್ತಾರೆ. ಅದರ ವಾಸನೆ ಸದಾ ಮೈಗಂಟಿಸಿಕೊಂಡಿದ್ದ ಆ ಮನುಷ್ಯನ ಹೆಸರೂ ಸೊಲ್ಯೂಷನ್. ರಸ್ತೆಗೆ ಮೊಳೆ ಚೆಲ್ಲುವವನು ಅವನೇ ಎಂಬುದು ಅಕ್ಕನ ದೃಢವಾದ ಅಭಿಪ್ರಾಯ. ಬೆಳಿಗ್ಗೆ ದಾರಕ್ಕೆ ಅಯಸ್ಕಾಂತ ಕಟ್ಟಿ ಬೀದಿಯಲ್ಲಿ ಎಳೆದುಕೊಂಡು ಹೋಗುವಳು. ಒಂದಾದರೂ ಮೊಳೆ ಅಂಟಿದರೆ ಅವನ ಅಂಗಡಿಯ ಮುಂದೆ ನಿಂತು ಎತ್ತಿ ತೋರಿಸುವಳು. ಅವನು ಕೈ ಮುಗಿಯುವನು: "ತಾಯಿ, ಅದು ಬಡಗಿ ಮೊಳೆ. ನನಗೆ ತೇಪೆ ಹಚ್ಚೋಕೇ ಪುರುಸೊತ್ತಿಲ್ಲ, ಮೊಳೆ ಬೇರೆ ಚೆಲ್ಲಲಾ?"

ಇಷ್ಟೆಲ್ಲ ಅನುಮಾನದ ನಡುವೆ ಒಂದು ಕಡೆ ಮಾತ್ರ ಅವಳು ಕಣ್ಣು ಮುಚ್ಚಿ ನಡೆದಿದ್ದಳು. ಮದುವೆಯಾಗಿ ಆ ಮನೆಗೆ ಬಂದಾಗ ಅವಳಿಗೆ ಟೈರಿನ ಉದ್ದಗಲ ಗೊತ್ತಿರಲಿಲ್ಲ. ಲಿವರ್ ಹಿಡಿಯಲು ಕಲಿಸಿದವನು ಭಾವ. ಮೊದಲ ದಿನವೇ ಒಂದು ನಿಯಮವನ್ನೂ ಕಲಿಸಿದ್ದ. ಹಿಂದಿನ ಚಕ್ರಕ್ಕೆ ಟೈರು ಹಾಕುವಾಗ ನಾಲ್ಕು ಅಂಕಿ ಇರುವ ಪಕ್ಕೆ ಚೈನಿನ ಕಡೆ ಬರಬೇಕು.

"ಯಾಕೆ ಭಾವ?"

"ಅದು ಅಚ್ಚಿನ ನಂಬರಮ್ಮಾ, ಫ್ಯಾಕ್ಟರಿಯವರ ಲೆಕ್ಕಕ್ಕೆ. ಗಿರಾಕಿ ನೋಡಿದ್ರೆ ಸೈಜಾ ರೇಟಾ ಅಂತ ತಲೆ ತಿಂತಾರೆ. ಚೈನ್ ಕಡೆ ಹಾಕಿಬಿಡು, ಈಚೆ ಕಡೆ ಕಂಪನಿ ಹೆಸರು ಚೆಂದವಾಗಿ ಕಾಣ್ಲಿ."

ಚೈನಿನ ಕಡೆಗೆ ಯಾರೂ ಬಗ್ಗುವುದಿಲ್ಲ. ಎಣ್ಣೆ ಎರಚುತ್ತದೆ, ಧೂಳು ಮೆತ್ತುತ್ತದೆ, ವಾರದೊಳಗೆ ಅಲ್ಲಿ ಏನು ಬರೆದಿದೆ ಎಂದು ದೇವರಿಗೂ ಕಾಣುವುದಿಲ್ಲ. ಅವಳು ಹಾಗೇ ಹಾಕುತ್ತ ಬಂದಳು. ಕೆಲವು ಟೈರು ಒರಟಾಗಿ, ಬಾಗದೆ, ಲಿವರಿಗೆ ಜಗ್ಗದೆ ಇರುತ್ತಿದ್ದವು. "ಮಣ್ಣಿನ ಟೈರು ಗಟ್ಟಿಯೇ ಇರೋದು, ಬಿಸಿಲಿಗಿಟ್ಟು ಹಾಕು," ಅನ್ನುತ್ತಿದ್ದ ಭಾವ. ಬಿಸಿಲಿಗಿಟ್ಟು ಹಾಕುತ್ತಿದ್ದಳು. ಹಾಗೆ ಮಾಡುವುದು ತಪ್ಪಲ್ಲ, ಹೊಸ ಟೈರನ್ನೂ ಬಿಸಿಲಿಗಿಡುತ್ತಾರೆ. ಟೊಮೇಟೊ ತಿರುಗಿಸಿ ನೋಡುವ ಹೆಂಗಸು ಭಾವನ ಮಾತನ್ನು ಮಾತ್ರ ತಿರುಗಿಸಿ ನೋಡಲಿಲ್ಲ. ಮನೆಯ ದೊಡ್ಡವರು ಹೇಳಿದ್ದು ಎಂಬ ಒಂದೇ ಕಾರಣಕ್ಕೆ ಎಷ್ಟು ಮನೆಗಳಲ್ಲಿ ಎಷ್ಟು ಮೋಸ ಮೈ ಚಾಚಿ ಮಲಗಿದೆಯೋ.

ಮಗಳೂ ಬೈಕಿನವಳೇ. ಗುಡ್ಡದ ಮೇಲಿನ ಸಣ್ಣ ಆಸ್ಪತ್ರೆಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ಐಸಿನ ಪೆಟ್ಟಿಗೆಯಲ್ಲಿ ಕೆಳಗಿನ ಲ್ಯಾಬಿಗೆ ತರುವ ಕೆಲಸ. ಅರ್ಧ ದಾರಿ ಟಾರು, ಅರ್ಧ ದಾರಿ ಜಲ್ಲಿ, ಕೆಸರು. ಅವಳ ಹಿಂದಿನ ಚಕ್ರಕ್ಕೆ ಹೊಸ ಬಟನ್ ಟೈರು ಹಾಕುವ ದಿನ ಅಮ್ಮನಿಗೆ ಒಂದು ತೊಡಕು ಎದುರಾಯಿತು. ಆ ಟೈರಿನ ಮೇಲೆ ಬಾಣದ ಗುರುತಿತ್ತು. ಚಕ್ರ ತಿರುಗುವ ದಿಕ್ಕಿಗೇ ಬಾಣ ಇರಬೇಕು. ಬಾಣ ಸರಿಯಾಗಿ ಬಂದರೆ ಅಂಕಿಗಳು ಈಚೆ ಕಡೆ ಬರುತ್ತವೆ. ಅಂಕಿಗಳು ಚೈನಿನ ಕಡೆಗೆ ಹೋದರೆ ಬಾಣ ಹಿಂದುಮುಂದಾಗುತ್ತದೆ.

"ಭಾವ, ಯಾವುದು ನೋಡ್ಲಿ?"

"ಚೈನ್ ಕಡೆ ಹಾಕಮ್ಮಾ. ಮಣ್ಣಲ್ಲಿ ಓಡಿಸೋರು ಟೈರನ್ನ ಬೇಕಂತಲೇ ತಿರುಗಿಸಿ ಹಾಕ್ತಾರೆ, ಬಟನ್ನಿನ ಇನ್ನೊಂದು ಅಂಚು ಬಳಕೆಗೆ ಬರಲಿ ಅಂತ."

ತಿರುಗಿಸಿ ಹಾಕುವುದು ನಿಜ. ಒಂದು ಅಂಚು ಸವೆದ ಮೇಲೆ, ಬಾಣದ ಗುರುತಿಲ್ಲದ ಟೈರನ್ನು ತಿರುಗಿಸುತ್ತಾರೆ. ಹೊಸದನ್ನು ಯಾವ ಮೂರ್ಖ ತಿರುಗಿಸಿ ಹಾಕುತ್ತಾನೆ? ಸುಳ್ಳಿಗೆ ಅರ್ಧ ನಿಜ ಬೆರೆಸುವುದನ್ನು ಭಾವನಿಂದ ಕಲಿಯಬೇಕು. ಅವಳು ತಿರುಗಿಸಿ ಹಾಕಿದಳು.

ಸ್ವಲ್ಪ ದಿನಕ್ಕೆ ಮಗಳು ಇಳಿಜಾರಿನಲ್ಲಿ ಬಿದ್ದಳು. ಒಣ ಜಲ್ಲಿ, ವೇಗವೇನೂ ಇರಲಿಲ್ಲ. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಹಿಡಿತ ಬಿಟ್ಟು ಬದಿಗೆ ಸರಿಯಿತು. ಬೈಕು ಕಲ್ಲಿನ ಕಟ್ಟೆಗೆ ತಗುಲಿ ನಿಂತಿತು. ಕಟ್ಟೆಯಾಚೆ ಏನಿತ್ತು ಎಂದು ಮಗಳು ಅಮ್ಮನಿಗೆ ಹೇಳಲಿಲ್ಲ, ಅಮ್ಮ ಆ ದಾರಿಯನ್ನು ಬಲ್ಲವಳು. ಮೊಣಕೈ ತರಚಿಕೊಂಡು, ಬೈಕು ತಳ್ಳಿಕೊಂಡು ಮಗಳು ಅಂಗಡಿಗೆ ಬಂದಾಗ ಅಕ್ಕ ಮೊದಲು ನೋಡಿದ್ದು ಅವಳ ಕೈ, ಆಮೇಲೆ ಟೈರು. ನಾಲ್ಕಾರು ಬಟನ್ನುಗಳು ಬುಡಸಮೇತ ಕಿತ್ತು ಹೋಗಿದ್ದವು. ಉಳಿದವುಗಳ ಬುಡದಲ್ಲಿ ಸಣ್ಣ ಬಿರುಕು.

"ಗಾಳಿ ಇಳಿಸಿಕೊಂಡು ಟಾರಲ್ಲಿ ಓಡಿಸಿದ್ಯಾ?"

"ಇಲ್ಲಮ್ಮಾ."

"ನಿಜ ಹೇಳು."

"ಅಮ್ಮಾ, ವಾಲ್ವ್ ನೋಡು. ನೆಟ್ಟಗಿದೆ. ನನ್ನ ಮೇಲೂ ಅನುಮಾನಾನಾ?"

ವಾಲ್ವು ನೆಟ್ಟಗಿತ್ತು. ಹಾಗಾದರೆ ಇನ್ನೊಬ್ಬ ಉಳಿದ. ಹಿಂದಿನ ವಾರ ಅಮ್ಮ ಇಲ್ಲದ ಹೊತ್ತಿನಲ್ಲಿ ಮಗಳು ಮೊಳೆ ಚುಚ್ಚಿಸಿಕೊಂಡು ಬಂದಿದ್ದಾಗ ತೇಪೆ ಹಚ್ಚಿದ್ದವನು ಸೊಲ್ಯೂಷನ್. ಒಳ್ಳೆಯ ಟೈರು ತೆಗೆದು ಹಳೆಯದು ಸೇರಿಸಿದ್ದಾನೆ! ಅಕ್ಕ ಚಕ್ರ ಬಿಚ್ಚಿ ಹೆಗಲ ಮೇಲಿಟ್ಟುಕೊಂಡು ರಸ್ತೆ ದಾಟಿದಳು. ಅವಳು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ಸೊಲ್ಯೂಷನ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಚಕ್ರವನ್ನು ತನ್ನ ಸ್ಟೂಲಿನ ಮೇಲೆ ಮಲಗಿಸಿದ.

"ಮುಗೀತಾ ಅಕ್ಕ? ಈಗ ನಾನು ಕೇಳ್ತೀನಿ. ಈ ಬಾಣ ಯಾಕೆ ಹಿಂದುಮುಂದಾಗಿದೆ?"

"ಹಾಕುವಾಗ ನಾನೇ ತಿರುಗಿಸಿದ್ದೆ."

"ಹಾಗಿದ್ರೆ ಇದು ನೀವು ಹಾಕಿದ ಟೈರೇ ತಾನೆ? ನಾನು ಬದಲಾಯಿಸಿದ್ದಲ್ಲ."

ಅವನು ಬಟನ್ನಿನ ಬುಡಕ್ಕೆ ಉಗುರು ಒತ್ತಿದ. ಉಗುರು ಇಳಿಯಲಿಲ್ಲ.

"ಬಾಣ ತಿರುಗಿದ್ರೆ ಹಿಡಿತ ಕಮ್ಮಿ ಆಗುತ್ತೆ. ಆದ್ರೆ ಬಟನ್ ಹೀಗೆ ಬುಡದಿಂದ ಕಿತ್ತು ಬರಲ್ಲ. ಇದು ಒಣಗಿ ಕಟ್ಟಿಗೆ ಆಗಿದೆ. ನಿಮ್ಮ ಅಂಗಡಿಯಿಂದ ಬರೋ ಟೈರು ಬಹಳ ನೋಡಿದೀನಿ ಅಕ್ಕ, ಹಿಂದಿನ ಚಕ್ರದ್ದು ಎಲ್ಲಾ ಹೀಗೇ, ನಂಬರು ಚೈನ್ ಕಡೆ. ನಿಮಗೆ ಗೊತ್ತಿದ್ದೇ ಮಾಡ್ತೀರಿ ಅಂದುಕೊಂಡಿದ್ದೆ. ಅದಕ್ಕೇ ನೀವು ಮೊಳೆ ತೋರಿಸಿದಾಗ ನನಗೆ ನಗು ಬರ್ತಿತ್ತು."

"ಏನು ಗೊತ್ತಿದ್ದು?"

ಅವನು ಸೀಮೆಎಣ್ಣೆಯ ಬಟ್ಟೆ ಕೊಟ್ಟ. ಅವಳೇ ಒರೆಸಿದಳು. ಎಣ್ಣೆಮಣ್ಣು ಹೋಗಿ ನಾಲ್ಕು ಅಂಕಿ ಎದ್ದು ಬಂದವು. ಅವುಗಳನ್ನು ಓದುವುದು ಹೇಗೆಂದು ಅವನು ಹೇಳಿದ. ಆ ಟೈರು ಹುಟ್ಟಿದ ವರ್ಷ ಅವಳ ಮಗಳು ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಊಟಕ್ಕೆ ಕೂತ ಹೊತ್ತಿನಲ್ಲಿ ಅಕ್ಕ ಆ ಚಕ್ರವನ್ನು ಭಾವನ ತಟ್ಟೆಯ ಪಕ್ಕದಲ್ಲಿಟ್ಟಳು. ಗಂಡ ಮತ್ತು ಮಗಳು ಅಲ್ಲೇ ಇದ್ದರು.

"ಇದು ಅಚ್ಚಿನ ನಂಬರಾ ಭಾವ?"

ಭಾವ ಗಾಬರಿಯಾಗಲಿಲ್ಲ. ಗಾಬರಿಯಾಗಿದ್ದರೆ ನಾನು ಅವನನ್ನು ಅರ್ಧ ಕ್ಷಮಿಸುತ್ತಿದ್ದೆ. ಅನ್ನ ಕಲಸುತ್ತಲೇ ಹೇಳಿದ: "ಒಂದು ದಿನವೂ ಓಡದ ಟೈರಮ್ಮಾ ಅದು. ಸುಮ್ಮನೆ ಕೂತಿತ್ತು, ಅಷ್ಟೇ. ದೊಡ್ಡ ಗೋದಾಮುಗಳು ಖಾಲಿ ಮಾಡುವಾಗ ಸಿಗುತ್ತೆ. ಪಾಲಿಶ್ ಹೊಡೆದ್ರೆ ಯಾರಿಗೆ ಗೊತ್ತಾಗುತ್ತೆ?"

"ನಿಮ್ಮ ತಮ್ಮನ ಮಗಳು ಬಿದ್ದಿದಾಳೆ."

ಭಾವ ಆಗ ಮಗಳ ಕಡೆ ನೋಡಿದ. ಮುಖದಲ್ಲಿ ನಿಜವಾದ ಮರುಕವಿತ್ತು. "ಅಯ್ಯೋ ಕಂದಾ, ಅದು ನಿನಗೆ ಅಂತ ಯಾರೂ ನನಗೆ ಹೇಳಲೇ ಇಲ್ವಲ್ಲ. ಹೇಳಿದ್ರೆ ಒಳಗಿನ ರೂಮಿಂದ ತೆಗೆದು ಕೊಡ್ತಿದ್ದೆ."

ಈ ಮಾತನ್ನು ಇನ್ನೊಮ್ಮೆ ಓದಿ. ಒಳಗಿನ ರೂಮಿನಲ್ಲಿ ತಾಜಾ ಟೈರುಗಳಿದ್ದವು. ಅವು ಮನೆಯವರಿಗೆ, ಗುರುತಿನವರಿಗೆ, ಜಗಳ ತೆಗೆಯಬಲ್ಲವರಿಗೆ. ಗೋಡೆಯ ಮೇಲಿನ ಮಿಂಚು ಮಿಕ್ಕವರಿಗೆ.

"ಈಗಲೇ ಬದಲಾಯಿಸಿ ಕೊಡೋಣ," ಎಂದ ಗಂಡ, ಸಮಾಧಾನದ ದನಿಯಲ್ಲಿ. "ಅಣ್ಣ ಕೊಡ್ತೀನಿ ಅಂತಿದಾನಲ್ಲೇ. ಮನೆ ವಿಷಯ ಮನೇಲೇ ಇರಲಿ. ಬೀದಿಗೆ ತಂದ್ರೆ ನಾವು ಹೊಟ್ಟೆಗೇನು ತಿನ್ನೋದು?"

ಮಗಳು ಕೇಳಿದಳು: "ದೊಡ್ಡಪ್ಪಾ, ನಮ್ಮ ಲ್ಯಾಬಿನ ಸವಾರರೆಲ್ಲ ಇಲ್ಲೇ ಹಾಕಿಸಿಕೊಂಡಿರೋದು. ಅವರಿಗೆ ಯಾವ ರೂಮಿಂದು?"

ಭಾವ ಮಜ್ಜಿಗೆ ಬಡಿಸಿಕೊಂಡ.

ಆ ಹೊತ್ತು ಅಕ್ಕನ ಮುಂದೆ ಎರಡು ದಾರಿಯಿತ್ತು. ಒಳಗಿನ ರೂಮಿನ ಟೈರು ಹಾಕಿಕೊಂಡರೆ ಮಗಳು ಉಳಿಯುತ್ತಾಳೆ, ಸಂಸಾರ ಉಳಿಯುತ್ತದೆ, ಗುಡ್ಡ ಇಳಿಯುವ ಬೇರೆಯವರ ಮಕ್ಕಳ ಪಾಡು ಆ ಕಲ್ಲಿನ ಕಟ್ಟೆಯ ಪಾಲಿಗೆ. ಬಾಯಿ ಬಿಟ್ಟರೆ ಅಂಗಡಿ ಹೋಗುತ್ತದೆ, ಆ ಟೈರುಗಳನ್ನು ಹಾಕಿದ ಕೈ ತನ್ನದೇ ಎಂಬುದೂ ಹೊರಬೀಳುತ್ತದೆ. ಆ ಮಧ್ಯಾಹ್ನ ನೀವು ಅವಳ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ನನಗೆ ಹೇಳಬೇಡಿ, ನಂಬುವುದಿಲ್ಲ.

ಮರುದಿನ ಬೆಳಿಗ್ಗೆ, ಸವಾರರು ಹೊರಡುವ ಮೊದಲು, ಅವಳು ಲ್ಯಾಬಿನ ಅಂಗಳದಲ್ಲಿದ್ದಳು. ಕೈಯಲ್ಲಿ ಸೀಮೆಎಣ್ಣೆಯ ಬಾಟಲಿ, ಹಳೆ ಬಟ್ಟೆ. ಸಾಲಾಗಿ ನಿಂತ ಬೈಕುಗಳ ಚೈನಿನ ಕಡೆಗೆ ಮಂಡಿಯೂರಿ ಒಂದೊಂದನ್ನೇ ಒರೆಸುತ್ತ ಹೋದಳು. ಸವಾರರು ಚಹದ ಲೋಟ ಹಿಡಿದು ಸುತ್ತ ನೆರೆದರು.

"ಏನಕ್ಕಾ, ಬೆಳಿಗ್ಗೆಬೆಳಿಗ್ಗೆ ನಮ್ಮ ಗಾಡಿಗೆ ಸ್ನಾನ?"

ಅವಳು ಎದ್ದು ನಿಂತು ಅಂಕಿಗಳ ಅರ್ಥ ಹೇಳಿದಳು. ಒಬ್ಬೊಬ್ಬರೇ ಬಗ್ಗಿ ತಮ್ಮ ತಮ್ಮ ಟೈರು ಓದಿಕೊಂಡರು. ನಗು ನಿಂತಿತು.

"ಇದನ್ನ ನೀವೇ ಹಾಕಿದ್ದಲ್ವಾ ಅಕ್ಕ?"

"ನಾನೇ ಹಾಕಿದ್ದು. ಅದಕ್ಕೇ ನಾನೇ ಬಂದೆ. ಇವತ್ತು ಯಾರೂ ಗುಡ್ಡ ಹತ್ಬೇಡಿ. ಬಿಚ್ಚಿ ಕೊಡಿ."

ಹಿರಿಯ ಸವಾರನೊಬ್ಬ, ಮೀಸೆಯಣ್ಣ ಅಂತ ಕರೆಯುತ್ತಿದ್ದರು, ಲೋಟ ಕೆಳಗಿಟ್ಟ. "ಚೆನ್ನಾಗಿದೆ ಆಟ. ಮೊದಲು ಹಳೇದು ಮಾರೋದು, ಆಮೇಲೆ ಹೆದರಿಸಿ ಹೊಸದು ಮಾರೋದು. ಭಾವ ಮುಂದೆ ಕೂತು, ನೀವು ಹಿಂದೆ ಕೂತು, ಇಬ್ಬರೂ ಸೇರಿ ನಮ್ಮನ್ನ ತಿರುಗಿಸಿ ಹಾಕ್ತೀರಾ?"

ಜನ್ಮವೆಲ್ಲ ಅನುಮಾನಿಸಿದವಳಿಗೆ ಅನುಮಾನಕ್ಕೆ ಗುರಿಯಾದಾಗ ಹೇಗಿರುತ್ತದೆಂದು ಆಗ ಗೊತ್ತಾಯಿತು. ಅವಳು ಆಣೆ ಹಾಕಲಿಲ್ಲ, ಅಳಲೂ ಇಲ್ಲ. "ನನ್ನ ಹತ್ರ ಕೊಳ್ಳಬೇಡಿ ಅಣ್ಣಾ. ಬೇರೆ ಎಲ್ಲಾದ್ರೂ ಕೊಳ್ಳಿ. ಅಂಕಿ ಓದಿ ಕೊಳ್ಳಿ. ಈ ಬಟನ್ನಿಗೆ ಉಗುರು ಒತ್ತಿ ನೋಡಿ, ಅದಾದ್ರೂ ಸುಳ್ಳು ಹೇಳಲ್ಲ."

ಮೀಸೆಯಣ್ಣ ಒತ್ತಿ ನೋಡಿದ. ಆಮೇಲೆ ಚಕ್ರ ಬಿಚ್ಚುವ ಪಾನಾ ತೆಗೆದ.

ಆ ದಿನ ಸ್ಯಾಂಪಲ್ಲುಗಳು ತಡವಾಗಿ ಜೀಪಿನಲ್ಲಿ ಬಂದವು. ಲ್ಯಾಬಿನವರು ಕೂಗಾಡಿದರು. ಆದರೆ ಕತೆಯ ಕೊಳಕು ಭಾಗ ಸಂಜೆಯದು. ಬಿಚ್ಚಿದ ಟೈರುಗಳನ್ನು ಅಂಗಳದ ಮೂಲೆಯಲ್ಲಿ ರಾಶಿ ಹಾಕಿದ್ದರು. ಅವಳ ಗಂಡ ಅಣ್ಣನ ವ್ಯಾನು ತಂದು ನಿಲ್ಲಿಸಿದ.

"ಅಣ್ಣ ತರೋಕೆ ಹೇಳಿದಾನೆ."

"ಯಾಕಂತೆ?"

ಗಂಡ ನೆಲ ನೋಡಿದ. "ಬಟನ್ ಇನ್ನೂ ಇದೆಯಲ್ಲ... ತೊಳೆದು ಪಾಲಿಶ್ ಹಾಕಿದ್ರೆ ಬೇರೆ ಊರಲ್ಲಿ ಹೋಗುತ್ತಂತೆ."

ಅಕ್ಕ ಲ್ಯಾಬಿನ ಪಕ್ಕದ ವೆಲ್ಡಿಂಗ್ ಅಂಗಡಿಯವನ ಹತ್ತಿರ ಕತ್ತರಿಸುವ ಗ್ರೈಂಡರು ಕೇಳಿ ತಂದಳು. ಟೈರಿನ ಅಂಚಿನೊಳಗೆ ಉಕ್ಕಿನ ತಂತಿಯ ಬಳೆ ಇರುತ್ತದೆ. ಚಕ್ರವನ್ನು ಕಚ್ಚಿ ಹಿಡಿಯುವುದು ಅದೇ. ಅದನ್ನು ಕತ್ತರಿಸಿದರೆ ಆ ಟೈರನ್ನು ಜಗತ್ತಿನ ಯಾವ ಮೋಸಗಾರನೂ ಮತ್ತೆ ಯಾವ ಚಕ್ರಕ್ಕೂ ಏರಿಸಲಾರ. ಕಿಡಿ ಹಾರಿತು, ಸುಟ್ಟ ರಬ್ಬರಿನ ಹೊಗೆ ಎದ್ದಿತು. ಒಂದಾದ ಮೇಲೆ ಒಂದು, ಗಂಡನ ಕಣ್ಣೆದುರೇ ಕತ್ತರಿಸಿದಳು. ಅವನು ಖಾಲಿ ವ್ಯಾನು ತಿರುಗಿಸಿಕೊಂಡು ಹೋದ. ಅವಳನ್ನು ತಡೆಯಲಿಲ್ಲ, ಸಹಾಯಕ್ಕೂ ಬರಲಿಲ್ಲ. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನ ಹತ್ತಿರ ಏನೂ ಇಲ್ಲ.

ಈಗ ಅವಳು ಸೊಲ್ಯೂಷನ್ ಅಂಗಡಿಯಲ್ಲಿ ಟೈರು ಹಾಕುತ್ತಾಳೆ. ಅವನ ಮೇಲಿನ ಅನುಮಾನ ಹೋಗಿದೆ ಎಂದುಕೊಳ್ಳಬೇಡಿ, ಅವನ ಗೇಜನ್ನೂ ಅವಳು ನಂಬುವುದಿಲ್ಲ. ಗಂಡ ಎದುರು ಸಾಲಿನಲ್ಲೇ ಗಾಳಿ ತುಂಬುತ್ತಾನೆ, ಸಂಜೆ ಅದೇ ಮನೆಗೆ ಬರುತ್ತಾನೆ. ಊಟ ಬಡಿಸುತ್ತಾಳೆ, ಮಾತು ಕಡಿಮೆ. ನೆಂಟರು ಅವಳಿಗೆ ಮನೆಮುರುಕಿ ಎಂದು ಹೆಸರಿಟ್ಟಿದ್ದಾರೆ. ಭಾವನ ಗಾಜಿನ ಬಾಗಿಲು ತೆರೆದೇ ಇದೆ, ಗೋಡೆ ಮಿಂಚುತ್ತಲೇ ಇದೆ, ನಿಮ್ಮಂಥವರು ಒಳಗೆ ಹೋಗುತ್ತಲೇ ಇದ್ದಾರೆ. ಲಿವರ್ ಹಿಡಿಯಲು ಅವನಿಗೆ ಹೊಸಬನೊಬ್ಬ ಸಿಕ್ಕಿದ್ದಾನೆ. ಅವನಿಗೆ ಮೊದಲ ದಿನ ಏನು ಕಲಿಸಿರುತ್ತಾನೆಂದು ನನಗೆ ಗೊತ್ತು.

ಲ್ಯಾಬಿನ ಸವಾರರ ಹೊರಗೆ ಅವಳು ಯಾರ ಯಾರ ಚಕ್ರಕ್ಕೆ ಆ ಟೈರು ಏರಿಸಿದ್ದಾಳೋ ಅವಳಿಗೇ ನೆನಪಿಲ್ಲ. ಅಷ್ಟೂ ಜನರನ್ನು ಹುಡುಕಿ ಹೋಗಲು ಒಬ್ಬ ಹೆಂಗಸಿಗೆ ಆಗುವುದಿಲ್ಲ. ನಿಮ್ಮ ಟೈರು ಹಳತಾಗಿದ್ದರೆ ಬಿಚ್ಚಿಸುತ್ತೀರಿ, ಅದರ ಬಗ್ಗೆ ನನಗೆ ಚಿಂತೆಯಿಲ್ಲ, ನಿಮ್ಮ ಜೀವದ ಮೇಲೆ ನಿಮಗೆ ಪ್ರೀತಿಯಿದೆ. ನನ್ನ ಸಂಶಯ ಆಮೇಲಿನ ಗಳಿಗೆಯ ಬಗ್ಗೆ. ಹೊಸದು ಹಾಕಿಸಿಕೊಂಡು, ಹಳೆಯದನ್ನು ಅಂಗಡಿಯ ಮೂಲೆಗೆ ಬಿಟ್ಟು, ಕೈ ಒರೆಸಿಕೊಂಡು ಹೊರಡುತ್ತೀರಲ್ಲ, ಆಗ ಅದು ಯಾರ ಮಗಳ ಚಕ್ರಕ್ಕೆ ಹೋಗುತ್ತದೆ ಎಂದು ಒಮ್ಮೆಯಾದರೂ ಕೇಳಿದ್ದೀರಾ? ಹಾಗೆ ಬಿಟ್ಟು ಬರಬೇಡಿ. ಅಂಚಿನ ತಂತಿ ಕತ್ತರಿಸಲು ಹೇಳಿ. ಅಂಗಡಿಯವನು ಆಮೇಲೆ ಮಾಡುತ್ತೇನೆ ಅಂದರೆ ಕದಲಬೇಡಿ. ನಿಮ್ಮ ಕಣ್ಣೆದುರು ಅದು ಎರಡಾಗುವ ತನಕ ಅಲ್ಲೇ ನಿಂತಿರಿ.